ಕಿವಿಗೆ ಬೀಳದ ಇಂಗ್ಲಿಷ್

ತಡವಾಗಿ ಶಾಲೆಗೆ ಬಂದ ಹುಡುಗ ತರಗತಿಯ ಬಾಗಿಲಲ್ಲಿ ನಿಂತು ‘ಮೇ ಐ ಕಮಿನ್ ಸಾರ್’ ಎನ್ನುತ್ತಾನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಯ ಪ್ರೌಢಶಾಲೆಗಳಲ್ಲಿ ದಿನವೂ ಕೇಳಿಬರುವ ಮಾತು ಇದು. ಇದರಲ್ಲಿ ಕ್ರಿಯಾಪದ ಯಾವುದೆಂದು ಕೇಳಿದರೆ ಹುಡುಗ ಹೇಳಲಾರ. ಬರೆಯಲು ಹೇಳಿದರೆ ‘ಕಮಿನ್’ ಎಂಬುದನ್ನು ಒಂದೇ ಪದವಾಗಿ ಬರೆದಾನು. ಆದರೆ ಆಡುವಾಗ ಮಾತ್ರ ತಡವರಿಸುವುದಿಲ್ಲ. ಆ ಮಾತನ್ನು ಅವನು ಪುಸ್ತಕದಲ್ಲಿ ಕಲಿತದ್ದಲ್ಲ, ನೂರಾರು ಸಲ ಕಿವಿಯಿಂದ ಕೇಳಿ ಕಲಿತದ್ದು. ಹೊರಗೆ ನಿಂತವನಿಗೆ ಒಳಗೆ ಬರುವ ಅಗತ್ಯವಿದೆ, ಮಾತನಾಡಿದೊಡನೆ ಅಗತ್ಯ ಪೂರೈಸುತ್ತದೆ. ಅದೇ ಹುಡುಗನನ್ನು ಅಧ್ಯಾಪಕರು ‘ವೈ ಆರ್ ಯೂ ಲೇಟ್?’ ಎಂದು ಕೇಳಲಿ, ಅವನು ತಲೆ ತಗ್ಗಿಸುತ್ತಾನೆ. ಬಸ್ಸು ತಪ್ಪಿತು ಎಂಬ ಎರಡು ಪದದ ಉತ್ತರ ಅವನ ಬಳಿ ಇಲ್ಲದೇ ಇಲ್ಲ. ಬಸ್ಸು, ಲೇಟು, ಮಿಸ್ಸು ಮೂರೂ ಅವನು ಮನೆಯಲ್ಲಿ ಆಡುವ ಪದಗಳೇ. ಅವನ್ನು ಇಂಗ್ಲಿಷಿನಲ್ಲಿ ಜೋಡಿಸಿ ಬಾಯಿಂದ ಹೊರಡಿಸುವ ಅಭ್ಯಾಸವೊಂದು ಇಲ್ಲ.

ಇಂಗ್ಲಿಷ್ ಬೋಧನೆಯ ಸಮಸ್ಯೆಯೆಲ್ಲ ಈ ಬಾಗಿಲಿನ ಆಚೆ ಈಚೆಗಳ ನಡುವೆ ಇದೆ ಎನ್ನಬಹುದು.

ಈ ನಾಲ್ಕು ತಾಲ್ಲೂಕುಗಳು ಇಂದು ದಾವಣಗೆರೆ ಜಿಲ್ಲೆಗೆ ಸೇರಿವೆ. 1997ರಲ್ಲಿ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದದ್ದು ಇತ್ತೀಚೆಗೆ. ಚನ್ನಗಿರಿಯದು ಅಡಿಕೆ ತೋಟಗಳ, ಸೂಳೆಕೆರೆಯ ಸೀಮೆ. ಹೊನ್ನಾಳಿಯದು ತುಂಗಭದ್ರೆಯ ದಂಡೆ. ಜಗಳೂರು ಮಳೆ ನೆಚ್ಚಿದ ಬಯಲು. ಭೂಮಿ, ಬೆಳೆ ಬೇರೆಯಾದರೂ ಒಂದು ಸಂಗತಿಯಲ್ಲಿ ಇವು ಒಂದೇ. ತರಗತಿಯ ಬಾಗಿಲು ದಾಟಿದ ಮೇಲೆ ಮಗುವಿನೊಂದಿಗೆ ಇಂಗ್ಲಿಷಿನಲ್ಲಿ ಮಾತನಾಡುವವರು ಊರಿನಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಮಗುವಿಗೆ ಅಂಗಡಿ, ನೆರೆಮನೆ, ಬಂಧುಬಳಗಗಳಲ್ಲಿ ಅಷ್ಟಿಷ್ಟಾದರೂ ಇಂಗ್ಲಿಷ್ ಕಿವಿಗೆ ಬೀಳುತ್ತದೆ. ಇಲ್ಲಿನ ಮಗುವಿಗೆ ಸಿಗುವುದು ದಿನಕ್ಕೊಂದು ಪಿರಿಯಡ್ಡು. ಆ ಪಿರಿಯಡ್ಡಿನಲ್ಲಿ ಇಂಗ್ಲಿಷ್ ಎಷ್ಟು ಹೊತ್ತು ಕೇಳಿಸುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಕರ್ನಾಟಕದಲ್ಲಿ ಇಂಗ್ಲಿಷಿನ ಬಗ್ಗೆ ಚರ್ಚೆಗೇನೂ ಬರವಿಲ್ಲ. ಗೋಕಾಕ್ ವರದಿ, 1982ರ ಚಳವಳಿ, 1994ರ ಭಾಷಾ ನೀತಿ, ಮಾಧ್ಯಮದ ಆಯ್ಕೆಯನ್ನು ಪೋಷಕರಿಗೇ ಬಿಟ್ಟ 2014ರ ಸುಪ್ರೀಂ ಕೋರ್ಟ್ ತೀರ್ಪು, 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ತೆರೆದ ಇಂಗ್ಲಿಷ್ ಮಾಧ್ಯಮ ವಿಭಾಗಗಳು, ಇವೆಲ್ಲವೂ ಯಾವ ಮಾಧ್ಯಮ, ಎಷ್ಟನೇ ತರಗತಿಯಿಂದ ಎಂಬ ಪ್ರಶ್ನೆಗಳ ಸುತ್ತಲೇ ತಿರುಗಿದವು. ಹಿಂದೆ ಐದನೇ ತರಗತಿಯಲ್ಲಿ ಶುರುವಾಗುತ್ತಿದ್ದ ಇಂಗ್ಲಿಷ್, 2007-08ರಿಂದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಒಂದು ವಿಷಯವಾಯಿತು. ಅಂದರೆ ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ಮಗು ಹತ್ತು ವರ್ಷ ಇಂಗ್ಲಿಷ್ ಓದಿರುತ್ತದೆ. ಹತ್ತು ವರ್ಷ ಕಲಿತ ಭಾಷೆಯಲ್ಲಿ ಒಂದು ಪ್ರಶ್ನೆಗೆ ಉತ್ತರಿಸಲಾಗದಿದ್ದರೆ ದೋಷ ಮಗುವಿನದಲ್ಲ, ಆರಂಭದ ವಯಸ್ಸಿನದೂ ಅಲ್ಲ. ಆ ಹತ್ತು ವರ್ಷ ಏನು ನಡೆಯಿತು ಎಂದು ನೋಡಬೇಕಾಗುತ್ತದೆ.

ಇದರ ಬಿಸಿ ತಟ್ಟುವುದು ಹದಿನಾರನೇ ವಯಸ್ಸಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾಳೆ. ‘ವೇಗೋತ್ಕರ್ಷ’ ಎಂದು ಚೆನ್ನಾಗಿ ತಿಳಿದಿದ್ದ ಸಂಗತಿ ಅಲ್ಲಿ ‘ಆಕ್ಸಿಲರೇಷನ್’ ಆಗಿ ಬರುತ್ತದೆ. ಪದ ಬದಲಾದದ್ದು ದೊಡ್ಡ ಕಷ್ಟವಲ್ಲ, ವಾರದಲ್ಲಿ ಕಲಿತುಕೊಳ್ಳಬಹುದು. ಕಷ್ಟವೆಂದರೆ ಉಪನ್ಯಾಸಕರು ನಿಲ್ಲದೆ ಆಡುವ ಇಂಗ್ಲಿಷ್ ವಾಕ್ಯಗಳು. ಒಂದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಮೂರು ದಾಟಿಹೋಗಿರುತ್ತವೆ. ಅವಳಿಗೆ ಭೌತಶಾಸ್ತ್ರ ತಿಳಿಯಲಿಲ್ಲವೆಂದು ಎಲ್ಲರೂ ತಿಳಿಯುತ್ತಾರೆ, ಕೊನೆಗೆ ಅವಳೂ ಹಾಗೆಯೇ ನಂಬುತ್ತಾಳೆ. ನಿಜಕ್ಕೂ ಆದದ್ದು, ಕೇಳಿಸಿಕೊಳ್ಳುವುದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಊರಿನ ಜಾಣ ಮಕ್ಕಳು ವಿಜ್ಞಾನ ಬಿಟ್ಟು ಬಂದ ಕಥೆಗಳಲ್ಲಿ ಇಂಥವು ಸಾಕಷ್ಟು ಇರಬೇಕು.

ಸಾಮಾನ್ಯವಾದ ಒಂದು ಇಂಗ್ಲಿಷ್ ಪಿರಿಯಡ್ಡನ್ನು ಕಲ್ಪಿಸಿಕೊಳ್ಳೋಣ. ಅಧ್ಯಾಪಕರು ಪಾಠದ ಒಂದು ವಾಕ್ಯ ಓದುತ್ತಾರೆ, ಕೂಡಲೇ ಅದರ ಅರ್ಥವನ್ನು ಕನ್ನಡದಲ್ಲಿ ಹೇಳುತ್ತಾರೆ. ಮತ್ತೊಂದು ವಾಕ್ಯ, ಮತ್ತೆ ಕನ್ನಡ. ಕೊನೆಯಲ್ಲಿ ಪ್ರಶ್ನೋತ್ತರವನ್ನು ಬೋರ್ಡಿನ ಮೇಲೆ ಬರೆಸಿ ಬಾಯಿಪಾಠಕ್ಕೆ ಹೇಳುತ್ತಾರೆ. ಇದರಲ್ಲಿ ಅಧ್ಯಾಪಕರ ಕಾಳಜಿಯ ಕೊರತೆಯೇನೂ ಇಲ್ಲ, ಮಕ್ಕಳಿಗೆ ಅರ್ಥವಾಗಲಿ ಎಂದೇ ಹೀಗೆ ಮಾಡುವುದು. ಆದರೆ ಮಗುವಿನ ಮನಸ್ಸು ಬಲು ಲೆಕ್ಕಾಚಾರದ್ದು. ಇಂಗ್ಲಿಷ್ ವಾಕ್ಯದ ಹಿಂದೆಯೇ ಕನ್ನಡ ಬರುತ್ತದೆಂದು ಗೊತ್ತಾದ ಮೇಲೆ ಇಂಗ್ಲಿಷಿಗೆ ಕಿವಿಗೊಡುವ ಶ್ರಮವನ್ನು ಅದು ಏಕೆ ತೆಗೆದುಕೊಳ್ಳಬೇಕು? ಇಂಗ್ಲಿಷ್ ಕೇಳಿಸುವಾಗ ಸುಮ್ಮನಿದ್ದು ಕನ್ನಡ ಬಂದಾಗ ಎಚ್ಚರಗೊಳ್ಳುವುದನ್ನು ಅದು ವರ್ಷಗಟ್ಟಲೆ ರೂಢಿಸಿಕೊಳ್ಳುತ್ತದೆ.

ಲಂಬಾಣಿ ತಾಂಡಾಗಳ ಮಕ್ಕಳ ಸ್ಥಿತಿ ಇನ್ನೂ ಬೇರೆ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ನಂಬುವ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲೇ. ಮನೆಯಲ್ಲಿ ಗೋರ್ ಬೋಲಿ ಆಡುವ ಮಗುವಿಗೆ ಶಾಲೆಯ ಕನ್ನಡವೇ ಎರಡನೆಯ ಭಾಷೆ. ಇಂಗ್ಲಿಷಿನ ಅರ್ಥವನ್ನು ಕನ್ನಡದಲ್ಲಿ ಹೇಳಿದರೆ ಅದು ಒಂದು ಕಲಿತ ಭಾಷೆಯಿಂದ ಮತ್ತೊಂದು ಕಲಿಯುವ ಭಾಷೆಗೆ ದಾಟಬೇಕು. ಪಟ್ಟಣಗಳ ಉರ್ದು ಮನೆಗಳ ಮಕ್ಕಳದೂ ಇದೇ ಪಾಡು. ಇನ್ನೊಂದು ಬಗೆಯಲ್ಲಿ ನೋಡಿದರೆ, ಕನ್ನಡವನ್ನು ಪಠ್ಯಪುಸ್ತಕವಿಲ್ಲದೆ, ಸಂತೆಯಲ್ಲಿ, ಆಟದ ಬಯಲಿನಲ್ಲಿ ಕೇಳಿ ಕಲಿತ ಮಗು ಕಿವಿಯಿಂದ ಭಾಷೆ ಕಲಿಯುವುದರಲ್ಲಿ ಆಗಲೇ ಪಳಗಿರುತ್ತದೆ. ಈ ಬಂಡವಾಳವನ್ನು ಶಾಲೆ ಗಮನಿಸುವುದೇ ಇಲ್ಲ.

ಇನ್ನು ಇಂಗ್ಲಿಷ್ ಕಿವಿಗೆ ಬಿದ್ದರೂ ತಿಳಿಯದಿರಲು ಭಾಷೆಯ ಒಳಗೇ ಕೆಲವು ಕಾರಣಗಳಿವೆ. ‘ಐ ಆಮ್ ಗೋಯಿಂಗ್ ಟು ದ ಮಾರ್ಕೆಟ್’ ಎಂದು ಪುಸ್ತಕದಲ್ಲಿ ಆರು ಪದಗಳಿರುತ್ತವೆ. ಆಡುವವರ ಬಾಯಲ್ಲಿ ಅದು ‘ಆಮ್ ಗೋಯಿಂಗ್ಟದ ಮಾರ್ಕಿಟ್’ ಎಂದು ಕರಗಿ ಮೂರಾಗುತ್ತದೆ. ಇಂಗ್ಲಿಷಿನವರು ನುಂಗಿ ಮಾತನಾಡುತ್ತಾರೆ ಎಂದು ದೂರುವವರು ತಮ್ಮ ಮಾತನ್ನೇ ಒಮ್ಮೆ ಕೇಳಿಸಿಕೊಳ್ಳಬೇಕು. ‘ಹೋಗಿ ಬರುತ್ತೇನೆ’ ಎಂದು ಬರೆಯುವ ನಾವೆಲ್ಲ ಆಡುವುದು ‘ಹೋಗ್ಬರ್ತೀನಿ’ ಎಂದೇ. ‘ಏನು ಮಾಡುತ್ತಿದ್ದೀಯ’ ಎಂಬುದು ‘ಏನ್ಮಾಡ್ತಿದೀಯ’ ಆಗುತ್ತದೆ. ಪುಸ್ತಕದಿಂದಷ್ಟೇ ಕನ್ನಡ ಕಲಿತ ಪರದೇಶದವನೊಬ್ಬ ಹೊನ್ನಾಳಿ ಬಸ್ ನಿಲ್ದಾಣಕ್ಕೆ ಬಂದಿಳಿದರೆ ಅವನಿಗೂ ಕಂಗಾಲೇ. ಕಣ್ಣಿಗೆ ಪರಿಚಯವಾದ ಪದ ಕಿವಿಗೆ ಪರಿಚಯವಾಗಿರುವುದಿಲ್ಲ, ಅಷ್ಟೇ.

ಎರಡನೆಯದು ಒತ್ತಿನ ಮಾತು. ಇಂಗ್ಲಿಷಿನಲ್ಲಿ ಒಂದು ಪದದ ಯಾವುದೋ ಒಂದು ಭಾಗ ಎದ್ದು ನಿಲ್ಲುತ್ತದೆ, ಉಳಿದವು ತಗ್ಗುತ್ತವೆ. ನಮ್ಮ ‘ಹೋಟ್ಲು’ ಮೊದಲಲ್ಲಿ ಏಳುತ್ತದೆ. ಅವರ ‘ಹೋಟೆಲ್’ ಏಳುವುದು ‘ಟೆಲ್’ನಲ್ಲಿ. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಕೆಡುವುದಿಲ್ಲವಾದ್ದರಿಂದ ನಮ್ಮ ಕಿವಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಳ್ಳಿಯ ಮಗುವಿಗೆ ಕರೆಂಟು, ಮೋಟರು, ಬೋರ್‌ವೆಲ್ಲು, ಲೈಟು, ಟ್ಯಾಂಕು ಎಂದು ನೂರಾರು ಇಂಗ್ಲಿಷ್ ಪದಗಳು ಗೊತ್ತು. ಆದರೆ ಎಲ್ಲಕ್ಕೂ ಕನ್ನಡ ಒಂದು ಸ್ವರದ ಬಾಲ ಹಚ್ಚಿ ತನ್ನದಾಗಿಸಿಕೊಂಡಿದೆ. ಅದೇ ಪದ ಬಾಲ ಕಳಚಿ, ಒತ್ತು ಬದಲಿಸಿ ಎದುರಿಗೆ ಬಂದರೆ ಗುರುತು ಸಿಗದು.

ಮೂರನೆಯ ಕಾರಣ ಹೆಚ್ಚು ಸೂಕ್ಷ್ಮ, ಹೆಚ್ಚಿನವರು ಗಮನಿಸದ್ದು. ಕನ್ನಡದಲ್ಲಿ ವಾಕ್ಯದ ಜೀವ ಕೊನೆಯಲ್ಲಿರುತ್ತದೆ. ‘ಅವನು ನಿನ್ನೆ ಸಂತೆಗೆ ಬಂದ’ ಎಂಬವರೆಗೆ ಕೇಳಿದರೂ ಅದು ಹೇಳಿಕೆಯೋ ಪ್ರಶ್ನೆಯೋ ತಿಳಿಯದು. ‘ಬಂದನಾ’ ಎಂದರೆ ಪ್ರಶ್ನೆ, ‘ಬರಲಿಲ್ಲ’ ಎಂದರೆ ನಿಷೇಧ. ಆದ್ದರಿಂದ ಕನ್ನಡದ ಕಿವಿ ಕೊನೆಗಾಗಿ ಕಾಯುತ್ತದೆ. ಇಂಗ್ಲಿಷ್ ಇದನ್ನೆಲ್ಲ ಮೊದಲೇ ಹೇಳಿಬಿಡುತ್ತದೆ. ‘ಡಿಡ್ ಹಿ’ ಎಂಬಲ್ಲೇ ಪ್ರಶ್ನೆ ಮುಗಿಯಿತು, ‘ಹಿ ಡಿಡಂಟ್’ ಎಂಬಲ್ಲೇ ನಿಷೇಧ ಆಗಿಹೋಯಿತು. ಕೊನೆಗಾಗಿ ಕಾಯುವ ಕಿವಿಗೆ ‘ಮಾರ್ಕೆಟ್ ಎಸ್ಟರ್‌ಡೇ’ ಎಂಬ ತುದಿಯಷ್ಟೇ ಸಿಗುತ್ತದೆ. ಮಕ್ಕಳು ಪ್ರಶ್ನೆಯ ಕೊನೆಯ ಪದವನ್ನೇ ಉತ್ತರವಾಗಿ ಒಪ್ಪಿಸುವುದಕ್ಕೆ ಇದೂ ಒಂದು ಕಾರಣವಿರಬಹುದು. ಇದನ್ನು ಮಕ್ಕಳಿಗೆ ಕನ್ನಡದಲ್ಲೇ ಒಮ್ಮೆ ವಿವರಿಸಿ ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಳಸಬೇಕಾದ ಜಾಗ ಇದು.

ಕಿವಿ, ಬಾಯಿಗಳಿಂದ ಕಲಿಯುವುದು ಈ ನೆಲಕ್ಕೆ ಹೊಸದಲ್ಲ. ಕೂಲಿಮಠಗಳಲ್ಲಿ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿಯೂ ಪದ್ಯವೂ ಬಾಯಿಂದ ಬಾಯಿಗೆ ದಾಟುತ್ತಿದ್ದವು. ಮುಂದೆ ಶಾಲೆಗಳಲ್ಲಿ ಉಕ್ತಲೇಖನ ಬಂತು. ಅಧ್ಯಾಪಕರು ಹೇಳಿದ್ದನ್ನು ಕೇಳಿ ಬರೆಯುವ ಈ ಹಳೆಯ ಅಭ್ಯಾಸ ಕೇಳುವಿಕೆಯನ್ನು ಕಲಿಸಲು ಬಲು ಒಳ್ಳೆಯ ಸಾಧನ. ಇಂಗ್ಲಿಷ್ ತರಗತಿಯಲ್ಲಿ ಅದು ಹತ್ತು ಬಿಡಿ ಪದಗಳ ಸ್ಪೆಲ್ಲಿಂಗ್ ಪರೀಕ್ಷೆಯಾಗಿ ಇಳಿದುಹೋಯಿತು. ಪದದ ಬದಲು ಇಡೀ ವಾಕ್ಯವನ್ನು ಸಹಜ ವೇಗದಲ್ಲಿ ಮೂರು ಸಲ ಹೇಳಿ, ಮೊದಲ ಸಲ ಪೆನ್ನು ಮುಟ್ಟದೆ ಕೇಳಿ ಎಂದರೆ ಸಾಕು, ಯಾವ ಯಂತ್ರವೂ ಬೇಡ. ‘ಟು’, ‘ದ’ಗಳಂಥ ನುಂಗಿಹೋದ ಸಣ್ಣ ಪದಗಳನ್ನು ಮಕ್ಕಳು ಅಕ್ಕಪಕ್ಕದವರೊಡನೆ ಚರ್ಚಿಸಿ ಹುಡುಕಿ ತುಂಬುವುದೇ ಪಾಠ.

ಇಂಗ್ಲಿಷ್ ಕಲಿಸುವ ಬಗೆಯ ಕುರಿತು ಜಗತ್ತೇ ಗಮನಿಸಿದ ಪ್ರಯೋಗವೊಂದು ಕರ್ನಾಟಕದಲ್ಲೇ ನಡೆದಿತ್ತು ಎಂಬುದು ಇಲ್ಲಿನ ಸಾಮಾನ್ಯ ಓದುಗರಿಗೆ ಅಷ್ಟಾಗಿ ತಿಳಿಯದ ಸಂಗತಿ. ಸ್ವಾತಂತ್ರ್ಯಾನಂತರ ಇಂಗ್ಲಿಷ್ ಅಧ್ಯಾಪಕರ ತರಬೇತಿಗೆಂದು 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಹುಟ್ಟಿತು. ಮುಂದೆ ಕನ್ನಡದ ಪರವಾದ ವರದಿಗೆ ಹೆಸರಾದ ವಿ.ಕೃ. ಗೋಕಾಕರು ಅದರ ನಿರ್ದೇಶಕರಾಗಿದ್ದರು ಎಂಬುದನ್ನು ಇಂಗ್ಲಿಷ್, ಕನ್ನಡಗಳನ್ನು ಹಾವು ಮುಂಗುಸಿಗಳಂತೆ ಕಾಣುವವರು ನೆನೆಯಬೇಕು. 1963ರಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಆಗ ಎಲ್ಲೆಡೆ ಚಾಲ್ತಿಯಲ್ಲಿದ್ದುದು ವಾಕ್ಯರಚನೆಗಳ ಪದ್ಧತಿ. ‘ದಿಸ್ ಈಸ್ ಎ ಪೆನ್’ ಎಂದು ಶುರುಮಾಡಿ ಒಂದೊಂದೇ ರಚನೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳಿಸುವುದು. ಮಕ್ಕಳು ಕೋರಸ್ಸಿನಲ್ಲಿ ಚೆನ್ನಾಗಿ ಹೇಳುತ್ತಿದ್ದರು, ತರಗತಿಯ ಹೊರಗೆ ಆಡುತ್ತಿರಲಿಲ್ಲ.

ಇದರಿಂದ ಅತೃಪ್ತರಾದ ಎನ್.ಎಸ್. ಪ್ರಭು ಎಂಬ ವಿದ್ವಾಂಸರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮೊದಲಾದ ಕಡೆಯ ಸಾಧಾರಣ ಶಾಲೆಗಳಲ್ಲಿ ಬೇರೊಂದು ದಾರಿ ಹಿಡಿದರು. ಬೆಂಗಳೂರಿನ ಸಂಸ್ಥೆಯ ಆಶ್ರಯ, ಬ್ರಿಟಿಷ್ ಕೌನ್ಸಿಲಿನ ನೆರವು ಇದಕ್ಕಿತ್ತು. ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಇದು ಲೋಕದಲ್ಲಿ ಪ್ರಸಿದ್ಧ. ಪ್ರಭು ಅವರ ವಾದ ಸರಳವಾಗಿತ್ತು. ಮನಸ್ಸು ಅರ್ಥದ ಮೇಲೆ ನಿಂತಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ. ಆದ್ದರಿಂದ ತರಗತಿಯಲ್ಲಿ ವ್ಯಾಕರಣದ ಬದಲು ಬಿಡಿಸಬೇಕಾದ ಸಣ್ಣ ಸಮಸ್ಯೆಗಳನ್ನು ಇಡಬೇಕು. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಂಥವೇ ಸಾಮಗ್ರಿ. ಅಧ್ಯಾಪಕ ಮೊದಲು ಒಂದು ಸಮಸ್ಯೆಯನ್ನು ಇಡೀ ತರಗತಿಯೊಂದಿಗೆ ಇಂಗ್ಲಿಷಿನಲ್ಲಿ ಪ್ರಶ್ನೋತ್ತರವಾಗಿ ಬಿಡಿಸುತ್ತಾನೆ. ಬಳಿಕ ಅಂಥದೇ ಇನ್ನೊಂದನ್ನು ಮಕ್ಕಳು ಒಬ್ಬೊಬ್ಬರಾಗಿ ಬಿಡಿಸುತ್ತಾರೆ. ತರಗತಿಯ ಅರ್ಧದಷ್ಟು ಮಕ್ಕಳಾದರೂ ಸಮಸ್ಯೆಯ ಅರ್ಧ ಭಾಗವನ್ನಾದರೂ ಸರಿಯಾಗಿ ಬಿಡಿಸಿದರೆ ಅದು ತಕ್ಕ ಕಷ್ಟದ ಸಮಸ್ಯೆ ಎಂಬುದು ಅವರ ಅಳತೆಗೋಲು.

ಇಲ್ಲಿ ಗಮನಿಸಬೇಕಾದ್ದು, ಮಾತನಾಡೆಂದು ಮಕ್ಕಳನ್ನು ಒತ್ತಾಯಿಸುತ್ತಿರಲಿಲ್ಲ. ಕೇಳಿ ತಿಳಿಯುವುದು ಮೊದಲು, ಆಡುವುದು ಆಮೇಲೆ. ಒಂದೇ ಪದದಲ್ಲಿ ಉತ್ತರಿಸಿದರೂ, ಬರಿಯ ಅಂಕಿ ಹೇಳಿದರೂ ಒಪ್ಪಿಗೆ. ತಪ್ಪು ಆಡಿದರೆ ಅಧ್ಯಾಪಕ ಅದನ್ನೇ ಸರಿಯಾದ ರೂಪದಲ್ಲಿ ತಾನು ಹೇಳಿ ಮುಂದೆ ಸಾಗುತ್ತಿದ್ದ, ತಾಯಿ ಮಗುವಿನ ಮಾತನ್ನು ತಿದ್ದುವ ಹಾಗೆ. 1985ರಲ್ಲಿ ಬೆರೆಟ್ಟಾ ಮತ್ತು ಡೇವಿಸ್ ಎಂಬ ಹೊರಗಿನ ಪರೀಕ್ಷಕರು ಪ್ರಕಟಿಸಿದ ಮೌಲ್ಯಮಾಪನದಲ್ಲಿ ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮುಂದಿದ್ದರೂ, ಉಕ್ತಲೇಖನ, ಕೇಳಿ ಓದಿ ಗ್ರಹಿಸುವುದು ಮುಂತಾದ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಯೋಗದ ಮಕ್ಕಳದೇ ಮೇಲುಗೈಯಾಗಿತ್ತು. ಪ್ರಭು ಅವರ ಪುಸ್ತಕ 1987ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂತು. ಇಂದು ಅನೇಕ ದೇಶಗಳಲ್ಲಿ ನಡೆಯುತ್ತಿರುವ ಚಟುವಟಿಕೆ ಆಧಾರಿತ ಭಾಷಾ ಬೋಧನೆಯ ಮೂಲಗಳಲ್ಲಿ ಅದೂ ಒಂದು. ನಮ್ಮಲ್ಲಿ ಮಾತ್ರ ಪ್ರಯೋಗ ಮುಗಿದೊಡನೆ ತರಗತಿಗಳು ಹಳೆಯ ಹಾದಿಗೆ ಮರಳಿದವು. ಪರೀಕ್ಷೆ ಬದಲಾಗಲಿಲ್ಲ, ನಲವತ್ತು ನಿಮಿಷ ಇಂಗ್ಲಿಷಿನಲ್ಲಿ ಸರಾಗವಾಗಿ ಮಾತನಾಡುವ ಧೈರ್ಯ ಎಲ್ಲ ಅಧ್ಯಾಪಕರಿಗೂ ಇರಲಿಲ್ಲ.

ಆ ಪ್ರಯೋಗದ ಒಂದು ಚೂರನ್ನು ಹೊನ್ನಾಳಿಗೆ ತರುವುದು ಕಷ್ಟವಲ್ಲ. ರೈಲಿನ ಬದಲು ಬಸ್ಸು ಇದೆ. ಶಿವಮೊಗ್ಗಕ್ಕೂ ದಾವಣಗೆರೆಗೂ ಹೋಗುವ ನಾಲ್ಕು ಬಸ್ಸುಗಳ ವೇಳೆಯನ್ನು ಬೋರ್ಡಿನ ಮೇಲೆ ಬರೆದು, ಹತ್ತು ಗಂಟೆಗೆ ದಾವಣಗೆರೆ ಆಸ್ಪತ್ರೆಯಲ್ಲಿರಬೇಕಾದವರು ಯಾವ ಬಸ್ಸು ಹಿಡಿಯಬೇಕು, ಅದು ತಪ್ಪಿದರೆ ಮುಂದೇನು ಎಂದು ಇಂಗ್ಲಿಷಿನಲ್ಲಿ ಕೇಳುತ್ತಾ ಹೋದರೆ ಉತ್ತರ ಬರಿಯ ‘ಸೆವೆನ್ ಥರ್ಟಿ’ ಆದರೂ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳದೆ ಅದನ್ನು ಹೇಳಲಾಗದು. ಚನ್ನಗಿರಿಯ ಮಕ್ಕಳಿಗೆ ಪತ್ರಿಕೆಯಲ್ಲಿ ಬರುವ ಅಡಿಕೆ ಧಾರಣೆಯೇ ಪಠ್ಯ. ರಾಶಿ, ಬೆಟ್ಟೆಗಳ ಕನಿಷ್ಠ ಗರಿಷ್ಠ ದರಗಳನ್ನು ಇಟ್ಟುಕೊಂಡು, ಇವತ್ತು ಮಾರುವುದೋ ವಾರ ಕಾಯುವುದೋ ಎಂದು ಕೇಳಿದರೆ ಹಿಂದಿನ ಬೆಂಚಿನ ಹುಡುಗನೂ ಬಾಯಿ ಬಿಟ್ಟಾನು, ಏಕೆಂದರೆ ಆ ವಿಷಯದಲ್ಲಿ ಮೇಷ್ಟರಿಗಿಂತ ಅವನೇ ಬಲ್ಲವನು. ಜಗಳೂರಿನಲ್ಲಿ ಬೋರ್‌ವೆಲ್ ಎಷ್ಟು ಅಡಿಗೆ ನೀರು ಕೊಟ್ಟಿತು, ಒಂದು ಅಡಿಗೆ ಎಷ್ಟು ಖರ್ಚು ಎಂಬ ಲೆಕ್ಕ ಪ್ರತಿ ಮನೆಯ ನೋವೂ ಹೌದು.

ಆಡುವ ವಿಷಯಕ್ಕೆ ಬಂದರೆ ಮೊದಲ ಅಡ್ಡಿ ಭಾಷೆಯದಲ್ಲ, ನಾಚಿಕೆಯದು. ಹಳ್ಳಿಯಲ್ಲಿ ಇಂಗ್ಲಿಷ್ ಮಾತನಾಡಲು ಹೊರಟವನನ್ನು ‘ಟಸ್ ಪುಸ್ ಅಂತಾನೆ’ ಎಂದು ಗೇಲಿ ಮಾಡುವವರು ಬೇಕಾದಷ್ಟು. ತಪ್ಪಿದರೆ ತರಗತಿ ನಗುತ್ತದೆ, ಸರಿಯಾಗಿ ಆಡಿದರೆ ಊರು ನಗುತ್ತದೆ. ಕೋರಸ್ ಉತ್ತರ ಇಷ್ಟು ಜನಪ್ರಿಯವಾದದ್ದು ಅದರಲ್ಲಿ ಯಾರ ದನಿಯೂ ಬೇರೆಯಾಗಿ ಕೇಳಿಸದೆ ಎಲ್ಲರಿಗೂ ರಕ್ಷಣೆ ಇರುವುದರಿಂದ. ಕೋರಸ್ಸಿನಿಂದ ನೇರವಾಗಿ ಎಲ್ಲರೆದುರು ಒಬ್ಬಂಟಿ ಭಾಷಣಕ್ಕೆ ನೂಕುವುದು ಕ್ರೌರ್ಯ. ನಡುವೆ ಇಬ್ಬಿಬ್ಬರ ಪಿಸುಮಾತಿಗೆ ಜಾಗ ಬೇಕು. ಮಾತಿಗೆ ಕೇಳುವವರು ಬೇಕು ಎಂಬುದಕ್ಕೆ ಇದೇ ಸೀಮೆಯ ದೊಡ್ಡ ಉದಾಹರಣೆ ಇದೆ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದರು. ಇಂಗ್ಲಿಷ್ ಬಾರದೆ ಅಲ್ಲ, ಕಾನೂನು ಓದಿದವರು. ಯಾವ ಭಾಷೆಯನ್ನು ಎಲ್ಲಿ ಆಡಬೇಕೆಂದು ತಾವೇ ಆರಿಸಿಕೊಂಡರು. ಇಂಗ್ಲಿಷ್ ಬಾರದೆ ಸುಮ್ಮನಿರುವ ಮಗುವಿಗೆ ಆ ಆಯ್ಕೆಯೇ ಇಲ್ಲ.

ಅಧ್ಯಾಪಕರ ಅಳುಕೂ ಸಣ್ಣದಲ್ಲ. ಅವರೂ ಇದೇ ಶಾಲೆಗಳಿಂದ ಬಂದವರು, ತಮ್ಮ ಉಚ್ಚಾರಣೆ ಸರಿಯಿಲ್ಲವೆಂದು ಕನ್ನಡದ ಮರೆಗೆ ಸರಿಯುತ್ತಾರೆ. ಆದರೆ ಮಗುವಿಗೆ ಲಂಡನ್ನಿನ ಉಚ್ಚಾರಣೆ ಬೇಕಿಲ್ಲ. ಅದು ಮುಂದೆ ಮಾತನಾಡಬೇಕಾದ್ದು ಬೆಂಗಳೂರು, ಪುಣೆ, ಚೆನ್ನೈಗಳವರೊಡನೆ. ತಿಳಿಯುವಂತೆ, ತಡೆಯಿಲ್ಲದೆ ಆಡುವ ಕನ್ನಡಿಗನ ಇಂಗ್ಲಿಷ್ ಅದಕ್ಕೆ ಧಾರಾಳವಾಗಿ ಸಾಕು. ಹೊರಗಿನ ದನಿಗಳಿಗೆ ಹಿಂದೆ ರೇಡಿಯೊ ಇತ್ತು. 1965ರಿಂದ ಈ ಭಾಗಕ್ಕೆ ಭದ್ರಾವತಿ ಆಕಾಶವಾಣಿ ಕೇಳಿಸುತ್ತಿದೆ, ‘ಕೇಳಿ ಕಲಿ’ ಎಂಬ ಹೆಸರಿನಲ್ಲೇ ಶಾಲಾ ಮಕ್ಕಳಿಗೆ ಬಾನುಲಿ ಪಾಠಗಳು ಬಂದವು. ಈಗ ಮೊಬೈಲು ಮನೆಮನೆಗೆ ಬಂದಿದೆ. ಎರಡು ನಿಮಿಷದ ಕ್ರಿಕೆಟ್ ವೀಕ್ಷಕ ವಿವರಣೆಯನ್ನು ಕೇಳಿಸಿ, ಯಾರು ಔಟಾದರು, ಹೇಗೆ ಎಂದಷ್ಟೇ ಕೇಳುವುದು ಒಂದು ಪೂರ್ಣ ಪಾಠ.

ಉಳಿದದ್ದು ಪರೀಕ್ಷೆ. ಎಸ್ಸೆಸ್ಸೆಲ್ಸಿ ದ್ವಿತೀಯ ಭಾಷೆಯ ನೂರು ಅಂಕಗಳಲ್ಲಿ 80 ಬರಹದ ಪರೀಕ್ಷೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಎಂಬತ್ತರಲ್ಲಿ ಒಂದು ಅಂಕಕ್ಕೂ ಮಗು ಕಿವಿಗೊಡಬೇಕಿಲ್ಲ, ಬಾಯಿ ತೆರೆಯಬೇಕಿಲ್ಲ. ಪರೀಕ್ಷೆಯಲ್ಲಿ ಇಲ್ಲದ್ದನ್ನು ಕಲಿಸಿ ಎಂದು ಅಧ್ಯಾಪಕರಿಗೆ ಉಪದೇಶಿಸುವುದು ಸುಲಭ. ಫಲಿತಾಂಶ ಇಳಿದರೆ ಉತ್ತರ ಹೇಳಬೇಕಾದವರು ಅವರೇ. ಆದರೆ ಆ ಇಪ್ಪತ್ತು ಅಂಕ ಶಾಲೆಯ ಕೈಯಲ್ಲೇ ಇದೆ. ನಲವತ್ತೈದು ಮಕ್ಕಳ ತರಗತಿಯಲ್ಲಿ ದಿನಕ್ಕೆ ಮೂವರಂತೆ, ಒಬ್ಬೊಬ್ಬರಿಗೆ ಎರಡು ನಿಮಿಷ, ಪಾಠ ಶುರುವಾಗುವ ಮುನ್ನ ಮೇಜಿನ ಬಳಿ ಕರೆದು ಮೆಲುದನಿಯಲ್ಲಿ ಮಾತನಾಡಿಸಿದರೆ ಹದಿನೈದು ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ. ನಿನ್ನೆ ಸಂಜೆ ಏನು ಮಾಡಿದೆ, ನಿಮ್ಮೂರಿಗೆ ಮಳೆ ಬಂತೇ ಎಂಬಷ್ಟು ಸಾಕು. ವರ್ಷಕ್ಕೆ ಇನ್ನೂರು ಚಿಲ್ಲರೆ ಕೆಲಸದ ದಿನಗಳು. ಪರೀಕ್ಷೆ, ಹಬ್ಬ, ಕ್ರೀಡಾಕೂಟ, ಜಯಂತಿಗಳನ್ನೆಲ್ಲ ಕಳೆದರೂ ಪ್ರತಿ ಮಗುವಿಗೆ ಎಂಟು ಹತ್ತು ಸಲ ಸರದಿ ಬರುತ್ತದೆ.